ಸೂರಿನ ಬೆಲೆ, ಸೂರಿನ ಬಾಳು

ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು (1819–1889) ಸೋರುವ ಮಾಳಿಗೆಯನ್ನು ಕುರಿತು ಹಾಡಿದ ತತ್ತ್ವಪದವನ್ನು ಕೇಳದ ಕನ್ನಡಿಗರು ವಿರಳ. ಅದರ ಒಳಾರ್ಥವನ್ನು ಬಲ್ಲವರು ಬೇಕಾದಷ್ಟು ವಿವರಿಸಿದ್ದಾರೆ. ನಾನು ಇಲ್ಲಿ ಆಡಹೊರಟಿರುವುದು ಹೊರಾರ್ಥದ ಮಾತು. ಮನೆ ಕಟ್ಟಲು ಹೊರಟವನು ಯಾವ ಹೊದಿಕೆಯನ್ನು ಆರಿಸಬೇಕು? ಅದರ ಬೆಲೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಆ ಉಪಮೆಗೆ ಆಸರೆಯಾದ ಮಣ್ಣಿನ ಮಾಳಿಗೆಯೇ ಈ ಪ್ರಶ್ನೆಗೂ ಒಳ್ಳೆಯ ಗುರು.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಮಲೆನಾಡೂ ಬಯಲುಸೀಮೆಯೂ ಕೈಕೂಡಿಸುವ ನೆಲ. ಹಾನಗಲ್ಲಿನ ಪಡುವಣ ಅಂಚಿನಲ್ಲಿ ಬತ್ತದ ಗದ್ದೆಗಳು, ಜಡಿಮಳೆ. ಸವಣೂರಿನ ಮೂಡಣಕ್ಕೆ ಎರೆಯ ಹೊಲಗಳು, ಲೆಕ್ಕದ ಮಳೆ. ಮಳೆ ಹೆಚ್ಚಿದ ಕಡೆ ಇಳಿಜಾರಿನ ಹಂಚು, ಬಿಸಿಲು ಹೆಚ್ಚಿದ ಕಡೆ ಸಮತಟ್ಟಾದ ಮಾಳಿಗೆ. ಇದು ಹಿರಿಯರು ಅನುಭವದಿಂದ ಕಂಡುಕೊಂಡ ನ್ಯಾಯ.

ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಎಲ್ಲದರ ಮೇಲೆ ಮಣ್ಣಿನ ಮೇಲುಮುದ್ದೆ. ಮಾಳಿಗೆಯ ರಚನೆ ಇಷ್ಟೆ. ಬೇಸಗೆಯಲ್ಲಿ ಅದರ ಕೆಳಗಿನ ತಂಪು ಬೇರೆ ಯಾವ ಹೊದಿಕೆಗೂ ಸುಲಭವಾಗಿ ದಕ್ಕದು. ಆದರೆ ಅದು ವರ್ಷಕ್ಕೊಮ್ಮೆ ಆರೈಕೆಯನ್ನು ಬೇಡುತ್ತದೆ. ಮಳೆಗಾಲಕ್ಕೆ ಮುನ್ನ ಹುಲ್ಲು ಕಿತ್ತು, ಇಲಿಯ ಬಿಲ ಮುಚ್ಚಿ, ಮಣ್ಣು ಹದಮಾಡಿ ಬಡಿದು, ನೀರು ಹರಿಯುವ ದಾರಿಯನ್ನು ತೆರವು ಮಾಡಬೇಕು. ಹಳೆಯ ಮಣ್ಣನ್ನು ತೆಗೆಯದೆ ಪ್ರತಿವರ್ಷ ಹೊಸ ಮಣ್ಣು ಏರಿಸುತ್ತ ಹೋದರೆ ಭಾರ ಬೆಳೆಯುತ್ತದೆ. ಒಂದು ಅಡಿ ದಪ್ಪದ ಮೇಲುಮುದ್ದೆ ಒಂದು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ನೆನೆದಾಗ ಇನ್ನೂ ಹೆಚ್ಚು. ಅದನ್ನು ಹೊತ್ತ ಜಂತಿಯನ್ನು ಗೆದ್ದಲು ತಿಂದಿದ್ದರೆ, ಕೆಳಗಿನ ಮಣ್ಣಿನ ಗೋಡೆಯೂ ನೆನೆದಿದ್ದರೆ, ಮುಂದಿನದು ಊಹೆಗೆ ನಿಲುಕುವಂಥದು. 2024ರ ಜುಲೈ ತಿಂಗಳಲ್ಲಿ ಸವಣೂರು ತಾಲೂಕಿನ ಮಾದಾಪುರದಲ್ಲಿ ಮಳೆಗೆ ಮನೆಯ ಮಾಳಿಗೆ ಕುಸಿದು, ಇಬ್ಬರು ಮಕ್ಕಳೂ ಸೇರಿದಂತೆ ಮೂವರು ಅಸುನೀಗಿದರು. ಹೊದಿಕೆಯ ಆಯ್ಕೆ ಕೇವಲ ಹಣದ ಲೆಕ್ಕವಲ್ಲವೆಂದು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ, ಒಂದರೊಳಗೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ನಾಡಿನ ಉದ್ದಗಲಕ್ಕೆ ಹಬ್ಬಿತು. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಭಾರ 40 ಕಿಲೋ ಆಸುಪಾಸು. ಇದರ ದೊಡ್ಡ ಗುಣವೆಂದರೆ, ಒಂದು ಹಂಚು ಒಡೆದರೆ ಆ ಒಂದನ್ನೇ ಬದಲಿಸಬಹುದು. ಮನೆಯನ್ನು ಕೆಡವಿದರೂ ಉಳಿದ ಹಂಚು ಇನ್ನೊಂದು ಮನೆಗೆ ಒದಗುತ್ತದೆ. ದೌರ್ಬಲ್ಯ ಇರುವುದು ಕೆಳಗಿನ ರೀಪಿನಲ್ಲಿ, ಮೇಲಿನ ಮಂಗಗಳ ಹಾವಳಿಯಲ್ಲಿ.

ಕಾಂಕ್ರೀಟಿನ ಸ್ಲ್ಯಾಬು ಒಮ್ಮೆ ಹಾಕಿದರೆ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದೆ. ಚೆನ್ನಾಗಿ ಮಾಡಿದ್ದು ಎರಡು ತಲೆಮಾರು ಬಾಳೀತು. ಆದರೆ ಸರಳುಗಳ ಕೆಳಗೆ ಸಾಕಷ್ಟು ಕಾಂಕ್ರೀಟು ಇಲ್ಲದಿದ್ದರೆ, ಹಾಕಿದ ಮೇಲೆ ದಿನಗಟ್ಟಲೆ ನೀರುಣಿಸದಿದ್ದರೆ, ಮೇಲೆ ನೀರು ನಿಂತರೆ, ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನೇ ಸೀಳುತ್ತದೆ. ಇದು ಕಣ್ಣಿಗೆ ಕಾಣುವ ಹೊತ್ತಿಗೆ ದುರಸ್ತಿ ದುಬಾರಿಯಾಗಿರುತ್ತದೆ. ತಗಡು ಹಗುರ, ಅಗ್ಗ; ಬಿಸಿಲಿನಲ್ಲಿ ಕಾವಲಿ, ಮಳೆಯಲ್ಲಿ ನಗಾರಿ. ಕಲ್ನಾರಿನ ಶೀಟನ್ನು ಕೊಯ್ದಾಗ, ಒಡೆದಾಗ ಏಳುವ ಧೂಳು ಕ್ಯಾನ್ಸರಿಗೆ ಕಾರಣವೆಂದು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಆ ಅಗ್ಗ ನಮಗೆ ಬೇಡ.

ಹಾಗಾದರೆ ಲೆಕ್ಕ ಹೇಗೆ? ಉದಾಹರಣೆಗೆಂದು, 60,000 ರೂಪಾಯಿಯ ಹೊದಿಕೆಯೊಂದು 12 ವರ್ಷ ಬಾಳುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಬೀಳುವುದು 5,000. ಇನ್ನೊಂದು 1,20,000ದ್ದು 40 ವರ್ಷ ಬಾಳಿ, ವರ್ಷಕ್ಕೆ 1,000ದ ದುರಸ್ತಿ ಬೇಡಿದರೆ ಬೀಳುವುದು 4,000. ಎರಡನೆಯದೇ ಅಗ್ಗ. ಆದರೆ ಕೈಯಲ್ಲಿ ದುಡ್ಡಿಲ್ಲದವನು ಹೆಚ್ಚಿನ 60,000ವನ್ನು ನೂರಕ್ಕೆ ಹತ್ತರ ಬಡ್ಡಿಗೆ ತಂದರೆ ಮೊದಲ ವರ್ಷದ ಬಡ್ಡಿಯೇ 6,000. ಬಡವನು ತಗಡು ಹೊದಿಸಿದರೆ ಅವನನ್ನು ದೂರದೃಷ್ಟಿಯಿಲ್ಲದವನೆಂದು ಹಳಿಯುವುದು ಅನ್ಯಾಯ. ಅಂಥವನಿಗೆ ಒಂದು ಮಧ್ಯಮಾರ್ಗವಿದೆ: ಬುನಾದಿ, ಗೋಡೆ, ಇಳಿಜಾರಿನ ಚೌಕಟ್ಟುಗಳನ್ನು ಹಂಚಿನ ಭಾರಕ್ಕೆ ತಕ್ಕಂತೆ ಗಟ್ಟಿಯಾಗಿ ಕಟ್ಟಿ, ಸದ್ಯಕ್ಕೆ ತಗಡು ಹೊದಿಸುವುದು. ಅನುಕೂಲವಾದಾಗ ರೀಪು ಹೊಡೆದು ಹಂಚು ಏರಿಸಬಹುದು. ದುರ್ಬಲವಾದ ಬುನಾದಿಯನ್ನು ಮಾತ್ರ ಆಮೇಲೆ ಬದಲಿಸುವುದು ಕಷ್ಟ.

ಈ ಲೆಕ್ಕದಲ್ಲಿ ಸೇರದ ಒಂದು ಅಂಕಿ ಇದೆ. ಅದು ಆರೈಕೆ ಮಾಡುವ ಕೈ. ಮನೆಮಂದಿಯೆಲ್ಲ ಸೇರಿ ಮಣ್ಣು ಬಡಿಯುತ್ತಿದ್ದ ಕಾಲದಲ್ಲಿ ಮಾಳಿಗೆ ಬಾಳಿತು. ಮಕ್ಕಳು ದುಡಿಮೆಗೆಂದು ಊರು ಬಿಟ್ಟು, ಮುದುಕರಿಬ್ಬರೇ ಉಳಿದ ಮನೆಯಲ್ಲಿ ಅದೇ ಮಾಳಿಗೆ ಅಪಾಯದ ಭಾರವಾಯಿತು. ಮಣ್ಣು ಬದಲಾಗಲಿಲ್ಲ, ಮನೆ ಬದಲಾಯಿತು. ಆದ್ದರಿಂದ ಹೊದಿಕೆಯನ್ನು ಆರಿಸುವಾಗ ಅಂಗಡಿಯವನನ್ನು ಬೆಲೆ ಕೇಳಿದರಷ್ಟೇ ಸಾಲದು. ಇಪ್ಪತ್ತು ವರ್ಷಗಳ ನಂತರ ಇದನ್ನು ಏರಿ ನೋಡುವವರು ಯಾರೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಶರೀಫರ ಪದದಲ್ಲಿಯೂ ಸಂಕಟ ಬರಿಯ ಸೋರಿಕೆಯದಲ್ಲ; ಕತ್ತಲಲ್ಲಿ ಮೇಲೇರಿ ಅದನ್ನು ಸರಿಪಡಿಸಲಾರದವನದು. ಬೆಳಕಿರುವಾಗಲೇ ಒಮ್ಮೆ ಮೇಲೇರಿ ನೋಡುವುದು ಲೇಸು.