ಗಡಿಯಾರದೊಳಗಿನ ಗುರುಗಳು

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳಲ್ಲಿ 'ಎರಡು ತಾಸು ಆತು' ಎಂದರೆ ಎರಡು ಗಂಟೆ ಕಳೆಯಿತು ಎಂದರ್ಥ. ಗಡಿಯ ಈಚೆಗೂ ಆಚೆಗೂ, ಕನ್ನಡಕ್ಕೂ ಮರಾಠಿಗೂ ಸೇರಿದ ಮಾತು ಅದು. ತಾಸು ಎಂದರೆ ಮೂಲದಲ್ಲಿ ಹೊತ್ತು ತಿಳಿಸಲು ಬಾರಿಸುತ್ತಿದ್ದ ಕಂಚಿನ ತಟ್ಟೆ. ನಮ್ಮ 'ಗಂಟೆ'ಯೂ ಹಾಗೆಯೇ. ದೇವಾಲಯದ ಗೋಪುರದಲ್ಲಿ ತೂಗುವುದೂ ಗಂಟೆ, ದಿನದ ಇಪ್ಪತ್ತನಾಲ್ಕನೆಯ ಪಾಲೂ ಗಂಟೆ. ಇಂಗ್ಲಿಷಿನ 'ಕ್ಲಾಕ್' ಕೂಡ ಗಂಟೆ ಎಂಬರ್ಥದ ಲತೀನ್ ಪದದಿಂದ ಬಂದದ್ದು. ಜನ ಬಹುಕಾಲ ಹೊತ್ತನ್ನು ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದರು ಎಂಬುದಕ್ಕೆ ಈ ಮೂರು ಪದಗಳೇ ಸಾಕ್ಷಿ.

ಹೀಗೆ ಬಾರಿಸಿ ಹೊತ್ತು ಹೇಳುವ ಯಂತ್ರವನ್ನು ಮೇಜಿನ ಮೇಲಿಡುವ ಪುಟ್ಟ ಪೆಟ್ಟಿಗೆಯಲ್ಲಿ ಅಂದವಾಗಿ ಕೂರಿಸಿ ಹೆಸರಾದವರು 17ನೇ ಶತಮಾನದ ಇಂಗ್ಲೆಂಡಿನ ಕುಶಲಕರ್ಮಿಗಳು. ಕರಿಮರದ ಹೊದಿಕೆ, ಹಿತ್ತಾಳೆಯ ಮುಖ, ರಾತ್ರಿ ಮಲಗುವ ಕೋಣೆಗೆ ಎತ್ತಿಕೊಂಡು ಹೋಗಲು ಮೇಲೊಂದು ಹಿಡಿಕೆ. ಅವರಲ್ಲಿ ಅಗ್ರಗಣ್ಯರು ಥಾಮಸ್ ಟಾಂಪಿಯನ್. ಬೆಡ್‌ಫರ್ಡ್‌ಶೈರಿನ ಕಮ್ಮಾರನೊಬ್ಬನ ಮಗನಾಗಿ 1639ರಲ್ಲಿ ಹುಟ್ಟಿದ ಇವರ ಲಂಡನ್ ಕಾರ್ಯಾಗಾರದಿಂದ ಸುಮಾರು 650 ಗಡಿಯಾರಗಳು, 5,500 ಕಿಸೆಗಡಿಯಾರಗಳು ಹೊರಬಂದವು. 1713ರಲ್ಲಿ ತೀರಿಕೊಂಡಾಗ ರಾಜರನ್ನು ಹೂಳುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲೇ ಅವರಿಗೂ ಸಮಾಧಿ ದೊರೆಯಿತು. ರಾಜ ಮೂರನೇ ವಿಲಿಯಮ್‌ಗಾಗಿ ಅವರು ಮಾಡಿದ ಮೇಜಿನ ಗಡಿಯಾರ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಮ್ಮೆ ಕೀಲಿ ಕೊಟ್ಟರೆ ವರ್ಷವಿಡೀ ನಡೆಯುವ ಗಡಿಯಾರ ಅದು. ದಿನಕ್ಕೆ 156 ಪೆಟ್ಟಿನಂತೆ, ಒಂದೇ ಕೀಲಿಯಲ್ಲಿ 56,940 ಪೆಟ್ಟು!

ಟಾಂಪಿಯನ್ ಹೆಸರನ್ನು ಲೋಕ ಬಲ್ಲದು. ಆದರೆ ಇಂಥ ಗಡಿಯಾರಗಳು ಲೆಕ್ಕ ತಪ್ಪದೆ ಬಾರಿಸುವ ಉಪಾಯ ಹೊಳೆದದ್ದು ಒಬ್ಬ ಕಥೋಲಿಕ ಗುರುವಿಗೆ ಎಂಬುದು ಎಷ್ಟು ಜನರಿಗೆ ಗೊತ್ತು?

ಹುತಾತ್ಮರ ಹೆಸರು ಹೊತ್ತವರು

ಅವರೇ ಎಡ್ವರ್ಡ್ ಬಾರ್ಲೋ. ಟಾಂಪಿಯನ್ ಹುಟ್ಟಿದ ವರ್ಷವೇ, ವಾರಿಂಗ್‌ಟನ್ ಊರಿನಲ್ಲಿ ಜ್ಞಾನಸ್ನಾನ ಪಡೆದವರು. ಮನೆತನದ ಹೆಸರು ಬೂತ್. ವಿದೇಶದಲ್ಲಿ ಗುರುದೀಕ್ಷೆ ಪಡೆದು ಇಂಗ್ಲೆಂಡಿಗೆ ಮರಳಿದ ಕಥೋಲಿಕ ಗುರುವಿಗೆ ಅಂದಿನ ಕಾನೂನು ಮರಣದಂಡನೆ ವಿಧಿಸುತ್ತಿತ್ತು. ಅವರ ಜ್ಞಾನಸ್ನಾನದ ತಂದೆ, ಬೆನೆಡಿಕ್ಟೀನ್ ಸನ್ಯಾಸಿ ಆಂಬ್ರೋಸ್ ಬಾರ್ಲೋ ಅವರನ್ನು 1641ರ ಸೆಪ್ಟೆಂಬರ್ 10ರಂದು ಲ್ಯಾಂಕಾಸ್ಟರಿನಲ್ಲಿ ಕೊಂದದ್ದು ಇದೇ ಕಾರಣಕ್ಕೆ. ಅವರನ್ನು 1970ರಲ್ಲಿ ಜಗದ್ಗುರು ಆರನೇ ಪೌಲರು ಸಂತರೆಂದು ಘೋಷಿಸಿದರು. ಆ ಹುತಾತ್ಮರ ಹೆಸರನ್ನೇ ತಮ್ಮದಾಗಿಸಿಕೊಂಡ ಎಡ್ವರ್ಡ್ 1659ರಲ್ಲಿ ಲಿಸ್ಬನ್ ಗುರುಮಠ ಸೇರಿ, ಗುರುವಾಗಿ ತಾಯ್ನಾಡಿಗೆ ಮರಳಿದರು. ಹಿಂತಿರುಗಿದರೆ ಏನಾಗಬಹುದು ಎಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಬಸವನಹುಳುವಿನ ಉಪಾಯ

ಹಳೆಯ ಗಡಿಯಾರಗಳಲ್ಲಿ ಪೆಟ್ಟು ಎಣಿಸಲು ಕಚ್ಚುಗಳುಳ್ಳ ಒಂದು ಚಕ್ರವಿತ್ತು. ಅದಕ್ಕೆ ತಿಳಿದದ್ದು ಒಂದೇ: ಮೂರರ ನಂತರ ನಾಲ್ಕು, ನಾಲ್ಕರ ನಂತರ ಐದು. ಮುಳ್ಳು ಎಲ್ಲಿದೆ ಎಂಬುದರ ಗೊಡವೆ ಅದಕ್ಕಿಲ್ಲ. ಬಾರಿಸುವ ಸ್ಪ್ರಿಂಗು ನಡುವೆ ಸಡಿಲಗೊಂಡರೆ ಮುಖ ಆರು ತೋರಿಸುವಾಗ ಗಂಟೆ ನಾಲ್ಕು ಹೊಡೆಯುತ್ತಿತ್ತು. ಯಾರಾದರೂ ಸರಿಪಡಿಸುವವರೆಗೆ ಅದೇ ಸುಳ್ಳು.

1676ರ ಸುಮಾರಿಗೆ ಬಾರ್ಲೋ ಇದಕ್ಕೆ ಪರಿಹಾರ ಕಂಡುಹಿಡಿದರು. ಗಂಟೆಯ ಮುಳ್ಳಿನೊಡನೆ ತಿರುಗುವ ಒಂದು ಬಿಲ್ಲೆ. ಅದರ ಅಂಚು ಬಸವನಹುಳುವಿನ ಚಿಪ್ಪಿನಂತೆ 12 ಮೆಟ್ಟಿಲಾಗಿ ಕೊರೆದಿರುತ್ತದೆ. ಗಂಟೆ ತುಂಬಿದೊಡನೆ ಹಲ್ಲುಗಳುಳ್ಳ ಒಂದು ಪಟ್ಟಿ ಜಾರಿ, ಅದರ ಬಾಲ ಎದುರಿಗಿರುವ ಮೆಟ್ಟಿಲಿನ ಮೇಲೆ ನಿಲ್ಲುತ್ತದೆ. ಒಂದು ಗಂಟೆಗೆ ಎತ್ತರದ ಮೆಟ್ಟಿಲು, ಒಂದೇ ಹಲ್ಲಿನಷ್ಟು ಜಾರಿಕೆ, ಒಂದೇ ಪೆಟ್ಟು. ಹನ್ನೆರಡಕ್ಕೆ ತಳದ ಮೆಟ್ಟಿಲು, ಹನ್ನೆರಡು ಪೆಟ್ಟು. ಮುಖ ಏನು ತೋರಿಸುತ್ತದೋ ಗಂಟೆಯೂ ಅದನ್ನೇ ಹೇಳುತ್ತದೆ.

ಇನ್ನೊಂದು ಲಾಭವೂ ಇತ್ತು. ಬೆಂಕಿಕಡ್ಡಿ ಇನ್ನೂ ಹುಟ್ಟಿರದ ಕಾಲವದು. ನಡುರಾತ್ರಿ ಎಚ್ಚರವಾದವರು ಕತ್ತಲಲ್ಲೇ ಒಂದು ದಾರ ಎಳೆದರೆ ಸಾಕು, ಗಡಿಯಾರ ಕಳೆದ ಗಂಟೆಯನ್ನು ಮತ್ತೆ ಬಾರಿಸುತ್ತಿತ್ತು. ಸುದ್ದಿ ಲಂಡನ್ನಿನಲ್ಲಿ ಹಬ್ಬಿತು. ಒಬ್ಬೊಬ್ಬ ಕುಶಲಕರ್ಮಿಯೂ ತನ್ನದೇ ಮಾದರಿ ಮಾಡತೊಡಗಿದ.

ಸೋತ ಮೇಲೆ

ಇದೇ ಉಪಾಯವನ್ನು ಕಿಸೆಗಡಿಯಾರಕ್ಕೂ ಅಳವಡಿಸಲು ಬಾರ್ಲೋ ಮುಂದಾದರು. ಅವರು ಹೇಳಿದಂತೆ ಮಾಡಿಕೊಟ್ಟವರು ಟಾಂಪಿಯನ್. ಹಕ್ಕುಪತ್ರಕ್ಕೆ ಅರ್ಜಿ ಹೋದಾಗ ಡೇನಿಯಲ್ ಕ್ವೇರ್ ಎಂಬ ಗಡಿಯಾರಗಾರ ತಕರಾರು ತೆಗೆದರು. ಅವರೂ ಅಂಥದೊಂದನ್ನು ಮಾಡಿದ್ದರು. 1687ರಲ್ಲಿ ರಾಜ ಎರಡನೇ ಜೇಮ್ಸ್ ತಾನೇ ಎರಡನ್ನೂ ಪರೀಕ್ಷಿಸಿದ. ಬಾರ್ಲೋ ಅವರದರಲ್ಲಿ ಗಂಟೆಗೊಂದು, ಕಾಲುಗಂಟೆಗೊಂದು ಎಂದು ಎರಡು ಗುಂಡಿ. ಕ್ವೇರ್ ಅವರದರಲ್ಲಿ ಎರಡಕ್ಕೂ ಒಂದೇ. ರಾಜ ಕ್ವೇರ್ ಅವರದನ್ನೇ ಮೆಚ್ಚಿದ. ರಾಜ ಕಥೋಲಿಕ, ಗೆದ್ದವರು ಕ್ವೇಕರ್ ಪಂಥದವರು, ಸೋತವರು ಕಥೋಲಿಕ ಗುರು. ತೀರ್ಪು ಗಡಿಯಾರ ನೋಡಿ ಬಂತೇ ಹೊರತು ಪಂಥ ನೋಡಿ ಅಲ್ಲ.

ಬಾರ್ಲೋ ಲ್ಯಾಂಕಾಶೈರಿನ ಪಾರ್ಕ್ ಹಾಲ್‌ನಲ್ಲಿ ಕಥೋಲಿಕ ಮನೆತನವೊಂದರ ಆಶ್ರಯದಲ್ಲಿದ್ದು ಸುತ್ತಲಿನ ಬಡವರ ಸೇವೆಯಲ್ಲಿ ಆಯುಷ್ಯ ಕಳೆದರು. ಆ ಬಡವರು ಉಟ್ಟದ್ದನ್ನೇ ಉಟ್ಟರು, ಉಂಡದ್ದನ್ನೇ ಉಂಡರು. ಆದರೂ ಅವರ ಕುತೂಹಲ ಬತ್ತಲಿಲ್ಲ. 1715ರಲ್ಲಿ, 75 ದಾಟಿದ ವಯಸ್ಸಿನಲ್ಲಿ, ಒರತೆ, ಮಳೆ, ಗಾಳಿಗಳು ಹೇಗೆ ಹುಟ್ಟುತ್ತವೆ ಎಂಬ ಬಗ್ಗೆ ಪುಸ್ತಕ ಪ್ರಕಟಿಸಿದರು. ಮಳೆ ಕೈಕೊಟ್ಟ ವರ್ಷ ಬಾವಿಯ ತಳ ಕಾಣುವ ಜತ್ತದಂಥ ನಾಡಿನವರಿಗೆ ಆ ಪ್ರಶ್ನೆಯ ತೂಕ ಬೇರೆಯವರು ಹೇಳಬೇಕಿಲ್ಲ. 1719ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯ ಕುಟುಂಬಗಳೇ, ನಿಮ್ಮ ಮನೆಯಲ್ಲಿ ಗಂಟೆ ಬಾರಿಸುವ ಹಳೆಯ ಗೋಡೆಗಡಿಯಾರವಿದ್ದರೆ ಮಕ್ಕಳಿಗೆ ತೋರಿಸಿ. ಮುಖಕ್ಕೂ ಪೆಟ್ಟಿಗೂ ಎಂದೂ ಅಂತರ ಬಾರದಿದ್ದರೆ ಅದರೊಳಗೆ ಆ ಬಸವನಹುಳು ಇರುವ ಸಂಭವವೇ ಹೆಚ್ಚು. ಮುಖ ತೋರಿಸುವುದೂ ದನಿ ನುಡಿಯುವುದೂ ಒಂದೇ ಆಗಿರಬೇಕೆಂಬುದು ಗಡಿಯಾರಕ್ಕೆ ಬಾರ್ಲೋ ಕಲಿಸಿದ ಪಾಠ. ನಾವು ಪ್ರಾರ್ಥನೆಯಲ್ಲಿ ನುಡಿಯುವುದೂ ನಡೆಯಲ್ಲಿ ತೋರಿಸುವುದೂ ಹಾಗೆ ಒಂದಾಗಿದೆಯೇ ಎಂದು ಮಲಗುವ ಮುನ್ನ ಒಮ್ಮೆ ಕೇಳಿಕೊಳ್ಳೋಣ.