ಸಿಇಟಿ ಆಪ್ಶನ್ ಎಂಟ್ರಿ: ಪಟ್ಟಿಯ ಕೊನೆಗೊಂದು ಆಸರೆಯ ಸೀಟು ಬೇಕೇ?

ಸಿಇಟಿ ಫಲಿತಾಂಶ ಪ್ರಕಟವಾಗಿ ರ‍್ಯಾಂಕ್ ಕೈಸೇರಿದ ಮನೆಗಳಲ್ಲಿ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಬೇಕೆಂಬುದು ಮಗಳ ಹಂಬಲ. ‘ಅದು ಸಿಗದೇ ಹೋದರೆ ಇರಲಿ, ಊರಿಗೆ ಹತ್ತಿರದ ಕಾಲೇಜನ್ನೂ ಒಂದು ಬರೆದಿಡು’ ಎಂಬುದು ತಂದೆಯ ಬುದ್ಧಿಮಾತು. ‘ಬರೆದರೆ ಅದೇ ಸಿಕ್ಕಿಬಿಡುತ್ತದೆ, ಬರೆಯುವುದೇ ಬೇಡ’ ಎಂಬುದು ಮಗಳ ಹಟ. ಆಪ್ಶನ್ ಎಂಟ್ರಿಯ ಕೊನೆಯ ದಿನ ಸಮೀಪಿಸಿದಂತೆ ಮನೆಯಲ್ಲಿ ಮಾತು ಬಿಗಿಯಾಗುತ್ತದೆ.

ಇಬ್ಬರಲ್ಲಿ ಯಾರು ಸರಿ? ಉತ್ತರ ಸಿಗುವುದು ಸೀಟು ಹಂಚಿಕೆಯ ಕ್ರಮದಲ್ಲಿ. ಆ ಕ್ರಮವನ್ನು ಅರಿತವರಿಗೆ ಈ ಜಗಳದ ಬಹುಪಾಲು ಅನಗತ್ಯವೆಂದು ತಿಳಿಯುತ್ತದೆ. ಉಳಿಯುವ ಅಲ್ಪ ಪಾಲು ಮಾತ್ರ ನಿಜಕ್ಕೂ ಯೋಚಿಸಬೇಕಾದದ್ದು.

ಕೌಂಟರ್ ಹೋಗಿ ಪಟ್ಟಿ ಬಂತು

ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪು ನೀಡಿದ ಬಳಿಕ, 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಆರಂಭವಾಯಿತು. ಆ ಕಾಲದ ಕೌನ್ಸೆಲಿಂಗ್ ಅನೇಕರಿಗೆ ಇನ್ನೂ ನೆನಪಿರಬಹುದು. ರ‍್ಯಾಂಕ್ ಪಡೆದ ವಿದ್ಯಾರ್ಥಿ ತಂದೆಯೊಡನೆ ದಾಖಲೆಗಳ ಕಡತ ಹಿಡಿದು ಸರದಿಗಾಗಿ ಕಾಯುತ್ತಿದ್ದ. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿವೆ ಎಂಬುದು ಎದುರಿಗೇ ಕಾಣುತ್ತಿತ್ತು. ಸರದಿ ಬಂದಾಗ ಉಳಿದವುಗಳಲ್ಲಿ ತನಗೆ ಹಿತವೆನಿಸಿದ್ದನ್ನು ಕೌಂಟರಿನಲ್ಲಿ ಹೇಳಿದರೆ ಮುಗಿಯಿತು. ಮೊದಲೇ ಪರ್ಯಾಯ ಆಯ್ಕೆಯನ್ನು ಬರೆದಿಡುವ ಪ್ರಶ್ನೆ ಅಲ್ಲಿ ಏಳುತ್ತಲೇ ಇರಲಿಲ್ಲ.

ಈಗ ಕೌಂಟರ್ ಇಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಅಭ್ಯರ್ಥಿಯು ಕಾಲೇಜು ಮತ್ತು ಕೋರ್ಸುಗಳನ್ನು ತನ್ನ ಆದ್ಯತೆಯ ಕ್ರಮದಲ್ಲಿ ದಾಖಲಿಸಬೇಕು. ತನ್ನ ಸರದಿ ಬರುವ ಹೊತ್ತಿಗೆ ಏನು ಉಳಿದಿರುತ್ತದೆ ಎಂಬುದು ಬರೆಯುವಾಗ ಆತನಿಗೆ ತಿಳಿದಿರುವುದಿಲ್ಲ. ಅಂದು ಅಭ್ಯರ್ಥಿಯೇ ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಆತನ ಪಟ್ಟಿ ನಿಂತಿರುತ್ತದೆ. ಪಟ್ಟಿಯಲ್ಲಿ ಇಲ್ಲದ ಕಾಲೇಜನ್ನು ಆತನ ಪರವಾಗಿ ಕೇಳುವವರು ಯಾರೂ ಇರುವುದಿಲ್ಲ.

ಗಣಕಯಂತ್ರ ಏನು ಮಾಡುತ್ತದೆ?

ಹಂಚಿಕೆಯ ವಿಧಾನ ಸರಳ. ಎಂಜಿನಿಯರಿಂಗ್‌ನಲ್ಲಿ ಸಿಇಟಿ ಮತ್ತು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು ಸಮಪ್ರಮಾಣದಲ್ಲಿ ಪರಿಗಣಿಸಿ ರ‍್ಯಾಂಕ್ ನೀಡಲಾಗುತ್ತದೆ. ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಸರದಿ ಬರುತ್ತದೆ. ಸರದಿ ಬಂದ ಅಭ್ಯರ್ಥಿಯ ಪಟ್ಟಿಯನ್ನು ಗಣಕಯಂತ್ರವು ಮೊದಲ ಆಯ್ಕೆಯಿಂದ ಕೆಳಮುಖವಾಗಿ ಪರಿಶೀಲಿಸುತ್ತದೆ. ಆತನ ಅರ್ಹತೆ ಮತ್ತು ಮೀಸಲಾತಿಗೆ ಅನುಗುಣವಾಗಿ ಖಾಲಿ ಇರುವ ಮೊದಲ ಸೀಟು ಎದುರಾದೊಡನೆ ಅದನ್ನು ಹಂಚಿ ಅಲ್ಲಿಗೇ ನಿಲ್ಲುತ್ತದೆ.

ಇದರ ಅರ್ಥವಿಷ್ಟೆ: ಮೂವತ್ತನೆಯ ಆಯ್ಕೆಯನ್ನು ಯಂತ್ರ ನೋಡುವುದು ಅದರ ಮೇಲಿನ ಇಪ್ಪತ್ತೊಂಬತ್ತು ಆಯ್ಕೆಗಳಲ್ಲಿ ಒಂದೂ ಸಿಗದಿದ್ದಾಗ ಮಾತ್ರ. ಕೆಳಗೆ ಬರೆದದ್ದು ಮೇಲಿನದರ ಅವಕಾಶವನ್ನು ಕಿಂಚಿತ್ತೂ ಕುಗ್ಗಿಸಲಾರದು. ‘ಬರೆದರೆ ಅದೇ ಸಿಗುತ್ತದೆ’ ಎಂಬ ಮಗಳ ಭಯಕ್ಕೆ ಆಧಾರವಿಲ್ಲ. ಅದು ಸಿಕ್ಕಿತೆಂದರೆ, ಬರೆಯದೇ ಇದ್ದಲ್ಲಿ ಏನೂ ಸಿಗುತ್ತಿರಲಿಲ್ಲ ಎಂದೇ ಅರ್ಥ.

ಕಾಲೇಜು ಪ್ರವೇಶದ ಈ ಗಣಿತಕ್ಕೆ ದೊಡ್ಡ ಇತಿಹಾಸವಿದೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಪ್ರಕಟಿಸಿದ್ದರು. ಆ ಚಿಂತನೆಯನ್ನು ಬೆಳೆಸಿ ಬಳಕೆಗೆ ತಂದುದಕ್ಕಾಗಿ ಶೇಪ್ಲಿ ಹಾಗೂ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಇಂತಹ ವ್ಯವಸ್ಥೆಯಲ್ಲಿ ಅರ್ಜಿದಾರನಿಗೆ ಲಾಭ ತರುವುದು ಚತುರತೆಯಲ್ಲ, ಮನದಲ್ಲಿರುವ ಆದ್ಯತೆಯನ್ನು ಇದ್ದಂತೆ ಬರೆಯುವುದು ಎಂಬುದು ಈ ಶಾಸ್ತ್ರದ ಮುಖ್ಯ ನಿರ್ಣಯಗಳಲ್ಲೊಂದು.

ಎಲ್ಲ ದೇಶಗಳಲ್ಲೂ ಸ್ಥಿತಿ ಹೀಗಿಲ್ಲ. ಅಮೆರಿಕದಲ್ಲಿ ಒಂದೊಂದು ವಿಶ್ವವಿದ್ಯಾಲಯಕ್ಕೂ ಪ್ರತ್ಯೇಕ ಶ್ರಮ ವ್ಯಯಿಸಬೇಕು, ಹಲವೆಡೆ ಪ್ರತ್ಯೇಕ ಶುಲ್ಕವನ್ನೂ ತೆರಬೇಕು. ಬ್ರಿಟನ್ನಿನಲ್ಲಿ ಪದವಿ ಪ್ರವೇಶಕ್ಕೆ ಸಾಮಾನ್ಯವಾಗಿ ಐದು ಆಯ್ಕೆಗಳ ಮಿತಿಯಿದೆ. ಬಂದ ಆಹ್ವಾನಗಳಲ್ಲಿ ಒಂದನ್ನು ಖಚಿತ ಆಯ್ಕೆಯಾಗಿಯೂ ಇನ್ನೊಂದನ್ನು ವಿಮೆಯಂತೆಯೂ ಇರಿಸಿಕೊಳ್ಳಬಹುದು. ಅಲ್ಲಿ ಪರ್ಯಾಯಕ್ಕೆ ಬೆಲೆಯಿದೆ. ಸಿಇಟಿ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಲು ಖರ್ಚಿಲ್ಲ.

ಮೂರು ತಪ್ಪುಗಳು

ಆದರೂ ಪ್ರತಿ ವರ್ಷ ತಪ್ಪುಗಳಾಗುತ್ತವೆ. ಮೊದಲನೆಯದು, ಪಟ್ಟಿಯನ್ನು ಬೇಗನೆ ಮುಗಿಸಿಬಿಡುವುದು. ಚಿತ್ರದುರ್ಗದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಬಹುದು. ಆಕೆ ಬರೆದ ಹನ್ನೆರಡು ಆಯ್ಕೆಗಳೂ ಬೆಂಗಳೂರಿನ ನಾಲ್ಕೈದು ಬೇಡಿಕೆಯ ಕಾಲೇಜುಗಳ ಕಂಪ್ಯೂಟರ್ ಸಂಬಂಧಿತ ಕೋರ್ಸುಗಳೇ. ಹನ್ನೆರಡು ಎಂದರೆ ಬಹಳವೆನಿಸುತ್ತದೆ. ಆದರೆ ಅವೆಲ್ಲದರ ಕಟ್‌ಆಫ್ ಒಂದೇ ಆಸುಪಾಸಿನಲ್ಲಿದ್ದರೆ ಒಂದು ಕೈತಪ್ಪಿದಾಗ ಎಲ್ಲವೂ ಕೈತಪ್ಪುತ್ತವೆ. ಸೀಟು ಸಿಗದವರಿಗೆ ಮುಂದಿನ ಸುತ್ತು ಇದ್ದೇ ಇರುತ್ತದೆ, ನಿಜ. ಆದರೆ ಮುಂದಿನ ಸುತ್ತುಗಳಲ್ಲಿ ಆಯ್ಕೆಗಳನ್ನು ಅಳಿಸಲು, ಕ್ರಮ ಬದಲಿಸಲು ಅವಕಾಶ ಕೊಟ್ಟು, ಹೊಸದನ್ನು ಸೇರಿಸಲು ಬಿಡದ ವರ್ಷಗಳುಂಟು. ಆಸರೆಯನ್ನು ಆಮೇಲೆ ಬರೆದರಾಯಿತೆಂದು ಕುಳಿತವರು ಆಗ ಪರಿತಪಿಸಬೇಕಾಗುತ್ತದೆ.

ಎರಡನೆಯ ತಪ್ಪು ಇದಕ್ಕೆ ತದ್ವಿರುದ್ಧ. ಏನೂ ಸಿಗದೇ ಹೋದೀತೆಂಬ ಅಂಜಿಕೆಯಿಂದ ಖಚಿತವಾಗಿ ಸಿಗುವ ಕಾಲೇಜನ್ನು ಪಟ್ಟಿಯ ಮೊದಲಿಗೇ ಏರಿಸುವುದು. ಆಗ ಯಂತ್ರ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಐದನೆಯ ಸಾಲಿನಲ್ಲಿದ್ದ ಉತ್ತಮ ಕಾಲೇಜು ಆ ರ‍್ಯಾಂಕಿಗೆ ದಕ್ಕುವಂತಿದ್ದರೂ ಅದನ್ನು ನೋಡುವವರಿಲ್ಲ. ಈ ನಷ್ಟ ಕಣ್ಣಿಗೆ ಕಾಣುವುದಿಲ್ಲ. ತಿಂಗಳುಗಳ ನಂತರ ತನಗಿಂತ ಹಿಂದಿನ ರ‍್ಯಾಂಕಿನವನು ಆ ಕಾಲೇಜಿಗೆ ಸೇರಿದ ಸುದ್ದಿ ಕೇಳಿದಾಗಲಷ್ಟೇ ತಿಳಿಯುತ್ತದೆ. ಆಸರೆಯ ಸೀಟಿಗೆ ಯೋಗ್ಯವಾದ ಸ್ಥಾನ ಪಟ್ಟಿಯ ಕೊನೆ.

ಮೂರನೆಯದು, ಸೇರುವ ಮನಸ್ಸೇ ಇಲ್ಲದ ಕಾಲೇಜುಗಳಿಂದ ಪಟ್ಟಿಯನ್ನು ತುಂಬುವುದು. ಕೋರ್ಸ್ ಇಷ್ಟವಿಲ್ಲ, ಊರು ಒಗ್ಗುವುದಿಲ್ಲ, ಶುಲ್ಕ ಕಟ್ಟುವ ಶಕ್ತಿಯಿಲ್ಲ, ಆದರೂ ‘ಇರಲಿ’ ಎಂದು ಬರೆದ ಸಾಲು ಆಸರೆಯಾಗಲಾರದು. ಅದು ಹಂಚಿಕೆಯಾದರೆ ಅಭ್ಯರ್ಥಿ ಸೇರುವುದಿಲ್ಲ, ಆ ಸುತ್ತಿನಲ್ಲಿ ಅದು ಇನ್ನೊಬ್ಬರಿಗೂ ಸಿಗುವುದಿಲ್ಲ. ಕೊನೆಯ ಸುತ್ತಿನಲ್ಲಿ ಹೀಗಾದರೆ ಸರ್ಕಾರಿ ಕೋಟಾದ ಸೀಟು ಖಾಲಿ ಉಳಿಯುತ್ತದೆ. ಬೇಡಿಕೆಯ ಕಾಲೇಜುಗಳಲ್ಲಿ ಇಂತಹ ಸೀಟುಗಳನ್ನು ಉದ್ದೇಶಪೂರ್ವಕವಾಗಿ ಖಾಲಿ ಉಳಿಸಿ ಬಳಿಕ ಹೆಚ್ಚಿನ ಹಣಕ್ಕೆ ಮಾರಲಾಗುತ್ತಿದೆ ಎಂಬ ಸೀಟ್ ಬ್ಲಾಕಿಂಗ್ ಆರೋಪ 2024ರಲ್ಲಿ ರಾಜ್ಯದಲ್ಲಿ ದೊಡ್ಡ ಸುದ್ದಿಯಾಗಿ, ಪ್ರಾಧಿಕಾರದ ದೂರಿನ ಮೇರೆಗೆ ಪೊಲೀಸ್ ತನಿಖೆ, ಬಂಧನಗಳೂ ನಡೆದವು. ಲಾಗಿನ್ ವಿವರ ಮತ್ತು ಪಾಸ್‌ವರ್ಡನ್ನು ಮಧ್ಯವರ್ತಿಗಳ ಕೈಗೆ ಒಪ್ಪಿಸಬಾರದೆಂಬ ಎಚ್ಚರಿಕೆಯೂ ಇದರಲ್ಲಿದೆ.

ಯಾವುದು ನಿಜವಾದ ಆಸರೆ?

ಹಳೆಯ ಕೌಂಟರನ್ನು ಮತ್ತೆ ನೆನಪಿಸಿಕೊಂಡರೆ ಇದನ್ನು ಅಳೆಯುವುದು ಸುಲಭ. ‘ಮೇಲಿನವೆಲ್ಲ ಭರ್ತಿಯಾಗಿವೆ, ಇದೊಂದು ಉಳಿದಿದೆ’ ಎಂದು ಎದುರಿಗಿರುವ ಅಧಿಕಾರಿ ಹೇಳಿದರೆ ಅಭ್ಯರ್ಥಿ ಸಹಿ ಹಾಕುವನೇ, ಎದ್ದು ಮನೆಗೆ ಹೋಗುವನೇ? ಸಹಿ ಹಾಕುವುದಾದರೆ ಅದನ್ನು ಪಟ್ಟಿಯಲ್ಲಿ ಬರೆಯಬೇಕು. ಎದ್ದು ಹೋಗುವುದಾದರೆ ಪಟ್ಟಿ ಅದಕ್ಕಿಂತ ಮೇಲೆಯೇ ಮುಗಿಯಬೇಕು.

ಆಸರೆಯ ಸೀಟೆಂದರೆ ಕೀಳು ಸೀಟೆಂದು ಭಾವಿಸಬೇಕಿಲ್ಲ. ಕಲಬುರಗಿಯ ಪಿಡಿಎ ಕಾಲೇಜು 1958ರಲ್ಲಿ, ಹಾಸನದ ಮಲೆನಾಡು ಕಾಲೇಜು 1960ರಲ್ಲಿ, ಮಂಡ್ಯದ ಪಿಇಎಸ್ ಕಾಲೇಜು 1962ರಲ್ಲಿ ಆರಂಭವಾದವು; ರಾಜಧಾನಿಯಲ್ಲಿ ಐಟಿ ಕಂಪೆನಿಗಳು ತಲೆಯೆತ್ತುವ ಮೊದಲೇ ಎಂಜಿನಿಯರುಗಳನ್ನು ರೂಪಿಸಿದ ಸಂಸ್ಥೆಗಳಿವು. ಸರ್ಕಾರಿ ಮತ್ತು ಅನುದಾನಿತ ಸೀಟುಗಳ ಶುಲ್ಕ ಖಾಸಗಿ ಕಾಲೇಜುಗಳದ್ದಕ್ಕಿಂತ ಕಡಿಮೆ. ಇನ್ನು ಕಾಲೇಜು ಮುಖ್ಯವೋ ಕೋರ್ಸ್ ಮುಖ್ಯವೋ ಎಂಬುದನ್ನು ಪಟ್ಟಿ ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಕೆಲವರಿಗೆ ದೊಡ್ಡ ಕಾಲೇಜಿನ ಸಿವಿಲ್ ಆಸರೆಯಾದರೆ, ಕೆಲವರಿಗೆ ಜಿಲ್ಲಾ ಕೇಂದ್ರದ ಕಂಪ್ಯೂಟರ್ ಸೈನ್ಸ್ ಆಸರೆ. ಮುಂದೆ ಶಾಖೆ ಬದಲಾಯಿಸಿಕೊಳ್ಳಬಹುದೆಂಬ ನಂಬಿಕೆಯಿಂದ ಒಲ್ಲದ ಕೋರ್ಸನ್ನು ಬರೆಯುವುದು ಜಾಣತನವಲ್ಲ. ಆ ಅವಕಾಶಕ್ಕೆ ಖಾತರಿಯಿಲ್ಲ.

ಸೀಟು ಸಿಗುವ ಸಂಭವವನ್ನು ಅಂದಾಜಿಸಲು ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್‌ಗಳೇ ದಿಕ್ಸೂಚಿ. ಅವನ್ನು ಓದುವಾಗ ಕೆಲವು ಎಚ್ಚರಗಳು ಅಗತ್ಯ. ಅಭ್ಯರ್ಥಿಯು ತನ್ನ ಮೀಸಲಾತಿ ವರ್ಗದ ಅಂಕಿಯನ್ನೇ ನೋಡಬೇಕು. ಗ್ರಾಮೀಣ, ಕನ್ನಡ ಮಾಧ್ಯಮ ಹಾಗೂ 371(ಜೆ) ಅರ್ಹತೆಯಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 371(ಜೆ) ಅನ್ವಯ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8 ಮೀಸಲಾತಿ ಇದೆ. ಮೊದಲ ಮತ್ತು ಕೊನೆಯ ಸುತ್ತಿನ ಕಟ್‌ಆಫ್‌ಗಳ ನಡುವೆ ಸಾಕಷ್ಟು ಅಂತರವಿರುವುದರಿಂದ ಎರಡನ್ನೂ ಗಮನಿಸಬೇಕು. ಎಲ್ಲ ವರ್ಷಗಳೂ ಒಂದೇ ತೂಕದವಲ್ಲ: ಕೋವಿಡ್ ಕಾರಣದಿಂದ 2021ರಲ್ಲಿ ಪಿಯುಸಿ ಅಂಕಗಳನ್ನು ಬಿಟ್ಟು ಸಿಇಟಿ ಅಂಕಗಳಿಂದಲೇ ರ‍್ಯಾಂಕ್ ನೀಡಲಾಗಿತ್ತು, 2024–25ರಿಂದ ಎಐಸಿಟಿಇ ಕೋರ್ಸುವಾರು ಸೀಟುಗಳ ಗರಿಷ್ಠ ಮಿತಿಯನ್ನು ಸಡಿಲಿಸಿತು. ಆದ್ದರಿಂದ ಆಸರೆಯ ಸೀಟಿನ ಹಿಂದಿನ ಕಟ್‌ಆಫ್‌ಗೂ ಸ್ವಂತ ರ‍್ಯಾಂಕಿಗೂ ನಡುವೆ ಧಾರಾಳ ಅಂತರವಿರುವುದು ಕ್ಷೇಮ. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೆ ಪಟ್ಟಿಯನ್ನು ತಿದ್ದಿಕೊಳ್ಳಲು ಕಾಲಾವಕಾಶವಿರುತ್ತದೆ. ಅಣಕು ಸುತ್ತಿನಲ್ಲಿ ಏನೂ ಸಿಗದವರು ಅದನ್ನು ಎಚ್ಚರಿಕೆಯ ಗಂಟೆಯೆಂದೇ ತಿಳಿಯಬೇಕು.

ಸಿಕ್ಕ ಮೇಲೆ ಏನು?

ಮೊದಲ ಸುತ್ತಿನಲ್ಲಿ ಆಸರೆಯ ಸೀಟೇ ಸಿಕ್ಕಿತೆಂದರೆ ದಾರಿ ಮುಚ್ಚಿದಂತಲ್ಲ. ಅಭ್ಯರ್ಥಿಯ ಮುಂದೆ ನಾಲ್ಕು ಚಾಯ್ಸ್‌ಗಳಿರುತ್ತವೆ. ಚಾಯ್ಸ್–1 ಎಂದರೆ ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುವುದು. ಮುಂದಿನ ಸುತ್ತುಗಳಿಗೆ ಪ್ರವೇಶವಿಲ್ಲ. ಚಾಯ್ಸ್–2 ಎಂದರೆ ಸೀಟು ಕೈಯಲ್ಲಿರಲಿ, ಮೇಲಿನದಕ್ಕೂ ಪ್ರಯತ್ನಿಸುತ್ತೇನೆ ಎಂಬುದು. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಚಾಯ್ಸ್–3ರಲ್ಲಿ ಸಿಕ್ಕದ್ದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್–4ರಲ್ಲಿ ಪ್ರಕ್ರಿಯೆಯಿಂದಲೇ ಹೊರನಡೆಯುವುದು.

ಆಸರೆಯ ಸೀಟಿಗೆ ಬೆಲೆ ಬರುವುದು ಚಾಯ್ಸ್–2ರಲ್ಲಿ. ಕೈಯಲ್ಲಿದ್ದುದನ್ನು ಬಿಡದೆ ಮೇಲಿನದಕ್ಕೆ ಕೈಚಾಚಲು ಅದೊಂದೇ ಮಾರ್ಗ. ಹಿಂಜರಿಕೆಯಿಂದ ಚಾಯ್ಸ್–1 ಒತ್ತಿದವರು ಮೇಲೇರುವ ಅವಕಾಶ ಕಳೆದುಕೊಳ್ಳುತ್ತಾರೆ. ಬಿಗುಮಾನದಿಂದ ಚಾಯ್ಸ್–3 ಒತ್ತಿದವರು ಕೈಗೆ ಬಂದ ತುತ್ತನ್ನು ಬಾಯಿಗೆ ಬಾರದಂತೆ ಮಾಡಿಕೊಳ್ಳುವುದುಂಟು. ಶುಲ್ಕ ಪಾವತಿಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಿವೆ. ಕೊನೆಯ ಸುತ್ತಿನಲ್ಲಿ ಸಿಕ್ಕ ಸೀಟನ್ನು ಬಿಡುವುದಕ್ಕೆ ನಿಯಮಗಳು ಇನ್ನೂ ಕಠಿಣ. ಆಯಾ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದದೆ ಗುಂಡಿ ಒತ್ತಬಾರದು.

ಪಟ್ಟಿಯ ಹೊರಗಿನ ಆಸರೆ

ಸಿಇಟಿ ಫಲಿತಾಂಶಕ್ಕೆ ಮೊದಲೇ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಮುಂಗಡ ಕಟ್ಟಿ ಸೀಟು ಕಾದಿರಿಸುವ ಪರಿಪಾಠವೂ ಬೆಳೆದಿದೆ. ಇದು ದುಬಾರಿ ಆಸರೆ. ಯುಜಿಸಿಯ 2018ರ ಶುಲ್ಕ ಮರುಪಾವತಿ ಅಧಿಸೂಚನೆಯ ಪ್ರಕಾರ, ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಹಿಂದೆ ಸರಿದರೆ ಶೇ 100, ಆ ದಿನದೊಳಗಾದರೆ ಶೇ 90, ನಂತರದ 15 ದಿನಗಳಲ್ಲಿ ಶೇ 80, 16ರಿಂದ 30 ದಿನಗಳ ನಡುವೆ ಶೇ 50ರಷ್ಟು ಶುಲ್ಕ ಹಿಂತಿರುಗಬೇಕು. ಅದರ ಬಳಿಕ ಏನೂ ಇಲ್ಲ. ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಸಂಸ್ಥೆ ಇರಿಸಿಕೊಳ್ಳುವಂತಿಲ್ಲವೆಂದೂ ಅದು ಹೇಳುತ್ತದೆ. ಹಣ ಕಟ್ಟುವ ಪೋಷಕರು ರಸೀದಿಯೊಡನೆ ಆ ಕೊನೆಯ ದಿನಾಂಕವನ್ನೂ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಒಳಿತು. ಕಾಮೆಡ್–ಕೆ ಪರೀಕ್ಷೆ ಮತ್ತೊಂದು ದಾರಿ. ಆದರೆ ಅಲ್ಲಿನ ಶುಲ್ಕ ಸರ್ಕಾರಿ ಕೋಟಾದ ಶುಲ್ಕಕ್ಕಿಂತ ಗಣನೀಯವಾಗಿ ಹೆಚ್ಚು.

ಹಾಗಾದರೆ ಆಸರೆಯ ಸಾಲನ್ನು ಬಿಡಬಹುದಾದವರು ಯಾರೂ ಇಲ್ಲವೇ? ಇದ್ದಾರೆ. ಬೇರೆಡೆ ಈಗಾಗಲೇ ಮನಸ್ಸಿಗೊಪ್ಪುವ ಸೀಟು ಪಡೆದವರು, ಇಂತಿಂಥದು ಸಿಗದಿದ್ದರೆ ಒಂದು ವರ್ಷ ಕಾದು ಮತ್ತೆ ಪರೀಕ್ಷೆ ಬರೆಯುವೆನೆಂದು ಮನೆಯವರೊಡನೆ ಕುಳಿತು, ಖರ್ಚುವೆಚ್ಚ ಲೆಕ್ಕ ಹಾಕಿ ನಿರ್ಧರಿಸಿದವರು ತಮ್ಮ ಪಟ್ಟಿಯನ್ನು ಮೇಲೆಯೇ ಮುಗಿಸಬಹುದು. ಅದು ಅರಿತು ಮಾಡಿದ ನಿರ್ಧಾರ. ಕೆಳಗಿನ ಸಾಲು ಬರೆದರೆ ಅಪಶಕುನವೆಂದು ಬಿಟ್ಟರೆ ಅದು ನಿರ್ಧಾರವಲ್ಲ. ವರ್ಷ ಕಳೆದ ಮೇಲೆ ಹುಡುಕಿಕೊಳ್ಳುವ ಸಮಾಧಾನ.

ತಂದೆ ಮಗಳ ಜಗಳಕ್ಕೆ ಮರಳಿದರೆ, ಪಟ್ಟಿಯ ಮೇಲ್ಭಾಗ ಮಗಳದ್ದಾಗಿರಲಿ. ಅಲ್ಲಿ ಅಂಜಿಕೆಗೆ ಜಾಗ ಬೇಡ. ಕೊನೆಯ ಒಂದೆರಡು ಸಾಲು ಇಬ್ಬರೂ ಒಪ್ಪಿದ್ದಾಗಿರಲಿ. ಆ ಕಾಲೇಜನ್ನು ಒಮ್ಮೆ ನೋಡಿಬಂದು, ಹಾಸ್ಟೆಲ್, ಶುಲ್ಕ, ಬಸ್ಸಿನ ಅನುಕೂಲ ವಿಚಾರಿಸಿ, ‘ಇಲ್ಲಿಯೂ ಓದಬಲ್ಲೆ’ ಎಂದು ಮಗಳೇ ಹೇಳಿದ ಮೇಲೆ ಅದನ್ನು ಬರೆಯುವುದು ಲೇಸು.