ಅವಳ ಪಾತ್ರದ ಕೈಯನ್ನು ನೀವು ಎತ್ತುವಂತಿಲ್ಲ

ಪಾಳುಬಿದ್ದ ಕೋಟೆ, ನಡುರಾತ್ರಿ. ಸೇನಾನಿಯೊಬ್ಬ ಬಾಗಿಲು ಒದ್ದು ಒಳಗೆ ಬರುತ್ತಾನೆ. ಮೂಲೆಯಲ್ಲಿ ಮದ್ದು ಅರೆಯುತ್ತಿರುವ ಮುದುಕಿ ತಲೆ ಎತ್ತಿಯೂ ನೋಡುವುದಿಲ್ಲ. ಸೇನಾನಿಯನ್ನು ಬರೆಯುತ್ತಿರುವ ಹುಡುಗ ಧಾರವಾಡದಲ್ಲಿರಬಹುದು, ಮುದುಕಿಯನ್ನು ಬರೆಯುತ್ತಿರುವವಳು ಮೆಲ್ಬರ್ನ್‌ನಲ್ಲಿ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹುಡುಗ ಮುಂದಿನ ಸಾಲುಗಳನ್ನು ಟೈಪ್ ಮಾಡುತ್ತಾನೆ: ‘ಸೇನಾನಿ ಕತ್ತಿ ಬೀಸಿದ. ಮುದುಕಿಯ ಕೈಯಲ್ಲಿದ್ದ ಬಟ್ಟಲು ಹಾರಿಬಿತ್ತು. ಅವಳು ಗಡಗಡ ನಡುಗುತ್ತಾ ಅವನ ಕಾಲಿಗೆ ಬಿದ್ದಳು.’

ಆಟ ಅಲ್ಲಿಗೇ ಕೆಟ್ಟಿತು.

ಕತ್ತಿ ಬೀಸುವುದು ಬಿಡುವುದು ಸೇನಾನಿಗೆ ಬಿಟ್ಟಿದ್ದು, ಅಂದರೆ ಹುಡುಗನಿಗೆ ಬಿಟ್ಟಿದ್ದು. ಬಟ್ಟಲು ಬಿತ್ತೋ ಇಲ್ಲವೋ, ಮುದುಕಿ ನಡುಗಿದಳೋ ನಕ್ಕಳೋ ಎಂದು ಹೇಳಬೇಕಾದವಳು ಬೇರೆಯೇ ಇದ್ದಾಳೆ. ಅವಳ ಮನಸ್ಸಿನಲ್ಲಿ ಆ ಮುದುಕಿ ಯಮನಿಗೂ ಹೆದರದ ಮಾಟಗಾತಿ ಆಗಿದ್ದರೆ? ಮೂರೇ ವಾಕ್ಯದಲ್ಲಿ ಹುಡುಗ ಆ ಮಾಟಗಾತಿಯನ್ನು ಕಿತ್ತುಕೊಂಡು ತನ್ನ ಸೇನಾನಿಯ ಕಾಲಡಿಗೆ ಹಾಕಿಬಿಟ್ಟ. ಆಡುವವರ ಭಾಷೆಯಲ್ಲಿ ಇದಕ್ಕೆ ‘ಗಾಡ್‌ಮಾಡಿಂಗ್’ ಎನ್ನುತ್ತಾರೆ. ‘ಬಟ್ಟಲಿನತ್ತ ಕತ್ತಿ ಬೀಸಿದ’ ಎಂದು ಬರೆದು ಅವನು ಕೈ ಎತ್ತಿದ್ದರೆ ಸಾಕಿತ್ತು. ಉಳಿದದ್ದನ್ನು ಅವಳು ಬರೆಯುತ್ತಿದ್ದಳು. ಬಹುಶಃ ಅವನು ನೆನೆಸಿರದ ಕಡೆಗೆ ಕಥೆ ಹೊರಳುತ್ತಿತ್ತು, ಈ ಆಟದ ರುಚಿ ಇರುವುದೇ ಆ ಹೊರಳಿನಲ್ಲಿ.

ಬರಹದಲ್ಲೇ ಹುಟ್ಟಿ ಬರಹದಲ್ಲೇ ಮುಗಿಯುವ ಈ ಆಟಕ್ಕೆ ಟೆಕ್ಸ್ಟ್ ರೋಲ್‌ಪ್ಲೇ ಎಂದು ಹೆಸರು. ಬಲ್ಲವರಿಗೆ ಬರೀ ‘ಆರ್‌ಪಿ’. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಸರದಿಯಂತೆ ಬರೆಯುತ್ತಾ ಹೋಗುತ್ತಾರೆ. ಇದರ ಅಜ್ಜನೆಂದರೆ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’. ಅದು ಮೇಜಿನ ಸುತ್ತ ಕೂತು ಆಡುವ ಆಟ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ‘ಮಡ್’ ಎಂಬ ಪ್ರೋಗ್ರಾಂ ಬರೆಯತೊಡಗಿದ, ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಅದರಲ್ಲಿ ಕಾಡು, ಗುಹೆ, ನಿಧಿ ಎಲ್ಲವೂ ವಾಕ್ಯಗಳೇ. ಹಲವರು ಒಟ್ಟಿಗೇ ಅದರೊಳಗೆ ಓಡಾಡಬಹುದಿತ್ತು. 1988ರಲ್ಲಿ ಫಿನ್ಲೆಂಡಿನಿಂದ ಐಆರ್‌ಸಿ ಚಾಟ್ ಬಂತು, 2015ರಲ್ಲಿ ಡಿಸ್ಕಾರ್ಡ್. ಜಾಗ ಬದಲಾದರೂ ಆಟ ಅದೇ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಮೇಜಿನ ಆಟದಲ್ಲಿ ಏಟು ತಗುಲಿತೋ ತಪ್ಪಿತೋ ಎಂದು ಹೇಳಲು ದಾಳವಿದೆ, ತಕರಾರು ಬಂದರೆ ತೀರ್ಪು ಕೊಡಲು ‘ಡಂಜನ್ ಮಾಸ್ಟರ್’ ಇದ್ದಾನೆ. ಬರಹದ ಆಟದಲ್ಲಿ ಎಷ್ಟೋ ಕಡೆ ಇವೆರಡೂ ಇಲ್ಲ. ದಾಳ ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ಆಡುವವರ ನಡತೆಯೇ ಮಾಡಬೇಕು. ಹಾಗಾಗಿಯೇ ಈ ಗುಂಪುಗಳಿಗೆ ಸೇರಿದ ಹೊಸಬರ ಕೈಗೆ ಮೊದಲು ಸಿಗುವುದು ಕಥೆಯಲ್ಲ, ನಿಯಮಗಳ ಪಟ್ಟಿ. ಪಟ್ಟಿ ಉದ್ದವಿರುತ್ತದೆ, ಓದಲು ಬೇಸರವೂ ಆಗುತ್ತದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ಒಂದೇ ಮಾತಿನ ಕವಲುಗಳು: ಇನ್ನೊಬ್ಬರ ಪಾತ್ರವನ್ನು ನೀವು ಆಡಿಸಬೇಡಿ.

ಕರಾವಳಿ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರು ತಾಳಮದ್ದಲೆ ಕೇಳಿದವರು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ವಾಲಿವಧೆಯ ವಾಲಿ ರಾಮನನ್ನು ಎಷ್ಟು ಬೇಕಾದರೂ ಪ್ರಶ್ನಿಸಬಹುದು, ರಾಮನ ಉತ್ತರವನ್ನು ತಾನೇ ಹೇಳುವಂತಿಲ್ಲ. ಮಾತಿನಲ್ಲಿ ಗೆದ್ದೆನೆಂದು ಬಾಣದಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಇನ್ನೊಂದು ಸೂಕ್ಷ್ಮ ಕರ್ಣನದು. ಕರ್ಣನ ಅರ್ಥ ಹೇಳುವವರಿಗೆ ಅವನು ಕುಂತಿಯ ಮಗ ಎಂಬುದು ಬಾಲ್ಯದಿಂದ ಗೊತ್ತು. ಕೃಷ್ಣ ಬಂದು ಹೇಳುವ ತನಕ ಕರ್ಣನಿಗೆ ಮಾತ್ರ ಗೊತ್ತಿರಕೂಡದು.

ರೋಲ್‌ಪ್ಲೇಯಲ್ಲಿ ಈ ಸೂಕ್ಷ್ಮವನ್ನು ಮೀರುವುದಕ್ಕೆ ‘ಮೆಟಾಗೇಮಿಂಗ್’ ಎಂದು ಹೆಸರು. ಬರಹದಲ್ಲಿ ಇದರ ಆಸೆ ಇನ್ನೂ ಹೆಚ್ಚು, ಏಕೆಂದರೆ ಪಾತ್ರದ ಮನಸ್ಸಿನೊಳಗಿನದೂ ಎಲ್ಲರ ಕಣ್ಣಿಗೆ ಬೀಳುತ್ತದೆ. ‘ಉಂಗುರದಲ್ಲಿ ವಿಷ ಅಡಗಿಸಿಟ್ಟಿದ್ದು ನೆನಪಾಗಿ ಅವಳಿಗೆ ಒಳಗೊಳಗೇ ನಗು ಬಂತು’ ಎಂದು ಒಬ್ಬಳು ಬರೆದಳು ಎನ್ನಿ. ಎದುರಿನವನು ಅದನ್ನು ಓದಿದ್ದಾನೆ, ಅವನ ಪಾತ್ರ ಓದಿಲ್ಲ. ಮರುಸಾಲಿನಲ್ಲೇ ಅವನ ರಾಜಕುಮಾರ ಉಂಗುರವನ್ನು ಗುರಾಯಿಸಿದರೆ ಅವಳು ಮುಂದೆಂದೂ ತನ್ನ ಪಾತ್ರದ ಮನಸ್ಸನ್ನು ಬಿಚ್ಚಿಡಲಾರಳು. ಬಲ್ಲ ಆಟಗಾರನಾದರೆ ರಾಜಕುಮಾರನಿಂದ ಆ ಕೈಗೆ ಮುತ್ತಿಡಿಸುತ್ತಾನೆ. ತನಗೆ ಕಾಣುತ್ತಿರುವ ಹಳ್ಳಕ್ಕೆ ತನ್ನ ಪಾತ್ರವನ್ನು ನಗುನಗುತ್ತಾ ಇಳಿಸುವುದು ಈ ಕಲೆಯ ದೊಡ್ಡ ಹೆಚ್ಚುಗಾರಿಕೆ.

ಇದೆಲ್ಲ ಮಕ್ಕಳಾಟದ ಶಿಷ್ಟಾಚಾರ ಎನ್ನುವವರು 1993ರ ಮಾರ್ಚ್‌ನಲ್ಲಿ ಲ್ಯಾಂಬ್ಡಾಮೂನಲ್ಲಿ ನಡೆದದ್ದನ್ನು ಓದಬೇಕು. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಎಂಬ ವಿಜ್ಞಾನಿ ನಡೆಸುತ್ತಿದ್ದ ಅಕ್ಷರಲೋಕ ಅದು. ದೊಡ್ಡ ಬಂಗಲೆ, ಅದರ ನಡುವೆ ಎಲ್ಲರೂ ಬಂದು ಹರಟುವ ಹಜಾರ, ಎಲ್ಲವೂ ಬರೀ ವರ್ಣನೆ. ಒಂದು ರಾತ್ರಿ ಆ ಹಜಾರಕ್ಕೆ ‘ಮಿಸ್ಟರ್ ಬಂಗಲ್’ ಎಂಬ ಪಾತ್ರ ಬಂತು. ಅದರ ಹಿಂದಿದ್ದ ಖಾತೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ್ದು. ಬಂಗಲ್‌ನ ಬಳಿ ‘ವೂಡೂ ಗೊಂಬೆ’ ಎಂಬ ಚಿಕ್ಕ ಪ್ರೋಗ್ರಾಂ ಇತ್ತು. ಅದನ್ನು ಬಳಸಿ ಅವನು ಏನು ಟೈಪ್ ಮಾಡಿದರೂ ಬೇರೆ ಪಾತ್ರವೇ ಅದನ್ನು ಮಾಡಿದಂತೆ ಎಲ್ಲರ ಪರದೆಯ ಮೇಲೆ ಮೂಡುತ್ತಿತ್ತು. ಲೆಗ್ಬಾ ಮೊದಲಾದ ಪಾತ್ರಗಳು ತುಂಬಿದ ಹಜಾರದಲ್ಲಿ ಲೈಂಗಿಕ ಹಿಂಸೆಗೆ ಒಳಗಾದಂತೆ, ಆ ಹಿಂಸೆಯಲ್ಲಿ ತಾವೇ ಕೈಜೋಡಿಸಿದಂತೆ ಅವನು ಸಾಲು ಸಾಲಾಗಿ ಬರೆದ. ಆ ಪಾತ್ರಗಳ ಒಡತಿಯರು ತಮ್ಮ ತಮ್ಮ ಮನೆಯಲ್ಲಿ ಕೂತು ಅದನ್ನು ಓದಬೇಕಾಯಿತು. ಕೊನೆಗೆ ಹಳಬನೊಬ್ಬ ಬಂದು, ಗೊಂಬೆಯ ಶಕ್ತಿ ಹಾಯದ ಪಂಜರದಲ್ಲಿ ಬಂಗಲ್‌ನನ್ನು ಕೂಡಿಹಾಕಿದ ಮೇಲೆ ಅದು ನಿಂತಿತು.

ಮರುದಿನದ ವಾದಗಳು ಇವತ್ತಿನವೇ ಎನ್ನಿಸುವಷ್ಟು ಪರಿಚಿತ. ಬರೀ ಅಕ್ಷರ ತಾನೇ, ಯಾರಿಗೂ ಗಾಯವಾಗಿಲ್ಲವಲ್ಲ ಎಂದರು ಕೆಲವರು. ಬೇಡವಾದವನ ಮಾತು ತನಗೆ ಕಾಣದಂತೆ ಮಾಡುವ ಆಜ್ಞೆ ಇದೆ, ಅದನ್ನು ಬಳಸಬಹುದಿತ್ತು ಎಂದರು ಇನ್ನು ಕೆಲವರು. ಆ ಆಜ್ಞೆ ಬಳಸಿದವಳಿಗಷ್ಟೇ ಅದು ಕಾಣದೆ ಹೋಗುತ್ತದೆ, ಹಜಾರದ ಉಳಿದವರೆಲ್ಲ ಅವಳ ಹೆಸರಿನಲ್ಲಿ ನಡೆಯುವುದನ್ನು ನೋಡುತ್ತಲೇ ಇರುತ್ತಾರೆ ಎಂಬ ಉತ್ತರಕ್ಕೆ ಅವರ ಬಳಿ ಮರುಮಾತಿರಲಿಲ್ಲ. ಲೆಗ್ಬಾ ಪಾತ್ರದ ಒಡತಿ ಸಿಯಾಟಲ್‌ನವಳು. ಆ ಸಾಲುಗಳ ಬಗ್ಗೆ ಬರೆಯುವಾಗ ತನ್ನ ಕಣ್ಣಲ್ಲಿ ನಿಜಕ್ಕೂ ನೀರು ಹರಿಯುತ್ತಿತ್ತು ಎಂದು ಪತ್ರಕರ್ತ ಜೂಲಿಯನ್ ಡಿಬೆಲ್ಲನಿಗೆ ಹೇಳಿದಳು. ಅವನ ಲೇಖನ ಅದೇ ವರ್ಷದ ಡಿಸೆಂಬರ್‌ನಲ್ಲಿ ‘ವಿಲೇಜ್ ವಾಯ್ಸ್’ನಲ್ಲಿ ಬಂತು. ಆನ್‌ಲೈನ್ ನಡವಳಿಕೆಯ ಬಗ್ಗೆ ಇಷ್ಟು ಓದಿಸಿಕೊಂಡ ಬರಹಗಳು ಕಡಿಮೆ.

ಸದಸ್ಯರು ಸಭೆ ಸೇರಿದರು. ಬಂಗಲ್ ಅಲ್ಲಿಗೂ ಬಂದು, ತನ್ನದು ಬರೀ ಪ್ರಯೋಗ ಎಂಬ ಧಾಟಿಯಲ್ಲಿ ಮಾತಾಡಿದ. ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಆಮೇಲೆ ಆಡಳಿತದ ಅಧಿಕಾರವಿದ್ದವನೊಬ್ಬ ತಾನೊಬ್ಬನೇ ನಿರ್ಧರಿಸಿ ಆ ಪಾತ್ರವನ್ನು ಅಳಿಸಿಹಾಕಿದ. ಊರಿನಿಂದ ಮರಳಿದ ಪಾವೆಲ್ ಕರ್ಟಿಸ್ ಇದನ್ನೆಲ್ಲ ನೋಡಿ, ಸದಸ್ಯರೇ ಅರ್ಜಿ ಹಾಕಿ ಮತ ಚಲಾಯಿಸುವ ವ್ಯವಸ್ಥೆ ತಂದರು. ಬಂಗಲ್‌ನ ಹಿಂದಿದ್ದವನು ಇನ್ನೊಂದು ಹೆಸರಿನಲ್ಲಿ ಮರಳಿ ಬಂದ ಎಂಬುದು ಕಥೆಯ ಬಾಲ. ಇವತ್ತಿನ ಯಾವ ಗುಂಪಿನ ಮೇಲ್ವಿಚಾರಕರಿಗೂ ಈ ಬಾಲ ಹೊಸದಲ್ಲ.

ಕೋಟೆಯ ಹುಡುಗನನ್ನು ಬಂಗಲ್‌ನ ಪಕ್ಕ ನಿಲ್ಲಿಸುವುದು ಅನ್ಯಾಯವೇ. ಒಬ್ಬನದು ಉತ್ಸಾಹ, ಇನ್ನೊಬ್ಬನದು ಕ್ರೌರ್ಯ. ಆದರೂ ಇಬ್ಬರೂ ದಾಟಿದ್ದು ಒಂದೇ ಗೆರೆಯನ್ನು.

ಇನ್ನೊಂದು ಗೆರೆಯೂ ಇದೆ: ಪಾತ್ರಕ್ಕೂ ಅದನ್ನು ಬರೆಯುವವರಿಗೂ ನಡುವಿನದು. ಆಟದೊಳಗಿನ ಮಾತು ‘ಐಸಿ’, ಹೊರಗಿನದು ‘ಒಒಸಿ’. ಹೊರಗಿನದನ್ನು ಜೋಡಿ ಕಂಸದೊಳಗೆ ಹಾಕುವುದು ಹಳೆಯ ರೂಢಿ. ಡಿಸ್ಕಾರ್ಡ್ ಬಂದ ಮೇಲೆ ಅದಕ್ಕೆಂದೇ ಬೇರೆ ಚಾನೆಲ್ ಇಡುತ್ತಾರೆ. ಖಳನ ಪಾತ್ರ ಬರೆಯುವವರಿಗೆ ಈ ಗೆರೆ ಉಸಿರಿದ್ದ ಹಾಗೆ. ಬೈಗುಳದ ಸಾಲೊಂದು ಬರೆದ ಕೂಡಲೇ ಕಂಸದೊಳಗೆ ‘ಇದು ಅವನ ಮಾತು, ನನ್ನದಲ್ಲ, ನಿಮಗೆ ಪರವಾಗಿಲ್ಲ ತಾನೇ?’ ಎಂದು ಕೇಳಿದರೆ ಎದುರಿನವರು ಇನ್ನೂ ಕೆಟ್ಟ ಖಳನನ್ನು ಬೇಡುತ್ತಾರೆ. ಕೇಳದಿದ್ದರೆ ಮುನಿಸು ಬೆಳೆಯುತ್ತದೆ. ಪ್ರೇಮದ ದೃಶ್ಯಗಳಲ್ಲಂತೂ ಕೇಳಲೇಬೇಕು. ಎರಡು ಪಾತ್ರಗಳು ಪ್ರೀತಿಸಿದ ಮಾತ್ರಕ್ಕೆ ಬರೆಯುವವರ ನಡುವೆ ಏನೋ ಇದೆ ಎಂದುಕೊಂಡು ಖಾಸಗಿ ಮೆಸೇಜ್ ಕಳಿಸುವವರಿಂದ ಬೇಸತ್ತು ಆಟವನ್ನೇ ಬಿಡುವವರಿದ್ದಾರೆ.

ಆ ಗೆರೆಯನ್ನೇ ಮುಚ್ಚಿಟ್ಟರೆ ಏನಾಗುತ್ತದೆ? ಅಮೆರಿಕದ ಕಾಂಪ್ಯುಸರ್ವ್ ಜಾಲದಲ್ಲಿ 1980ರ ದಶಕದಲ್ಲಿ ‘ಜೋನ್’ ಎಂಬವಳಿದ್ದಳು. ಅಪಘಾತದಲ್ಲಿ ಮಾತು ಕಳೆದುಕೊಂಡು ಅಂಗವಿಕಲಳಾದ ಮನೋವಿಜ್ಞಾನಿ ಎಂದು ಹೇಳಿಕೊಂಡ ಅವಳಿಗೆ ಎಷ್ಟೋ ಮಹಿಳೆಯರು ಆಪ್ತ ಗೆಳತಿಯರಾದರು. ಜೋನ್ ನಿಜದಲ್ಲಿ ನ್ಯೂಯಾರ್ಕಿನ ಒಬ್ಬ ಗಂಡು ಮನೋವೈದ್ಯ. 1985ರಲ್ಲಿ ಲಿಂಡ್ಸಿ ವ್ಯಾನ್ ಗೆಲ್ಡರ್ ‘ಮಿಸ್’ ಪತ್ರಿಕೆಯಲ್ಲಿ ಇದನ್ನು ಬರೆದಾಗ ಓದಿದವರು ದಂಗಾದರು. ಗಂಡಸು ಹೆಣ್ಣಿನ ಪಾತ್ರ ಬರೆಯುವುದು ರೋಲ್‌ಪ್ಲೇಯಲ್ಲಿ ದಿನನಿತ್ಯದ ಸಂಗತಿ, ಅದರಲ್ಲಿ ತಪ್ಪೇನೂ ಇಲ್ಲ. ಜೋನ್ ಪ್ರಕರಣದಲ್ಲಿ ಆಟ ನಡೆಯುತ್ತಿದೆ ಎಂಬುದು ಒಬ್ಬನಿಗೆ ಮಾತ್ರ ಗೊತ್ತಿತ್ತು.

ಪಾತ್ರಕ್ಕೆ ಮುನ್ನೂರು ವರ್ಷವಾಗಿರಲಿ, ಬರೆಯುವವರ ನಿಜವಾದ ವಯಸ್ಸಿನ ಬಗ್ಗೆ ಸುಳ್ಳು ಸಲ್ಲದು ಎಂದು ಗುಂಪುಗಳು ಪಟ್ಟು ಹಿಡಿಯುವುದೂ ಇದಕ್ಕೇ. ಡಿಸ್ಕಾರ್ಡ್ ಸೇರಲು ಕನಿಷ್ಠ 13 ವರ್ಷ ಆಗಿರಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳು. ವಯಸ್ಸು ಹೇಳಬೇಕು, ಊರು, ಕಾಲೇಜು, ಫೋನ್ ನಂಬರು ಹೇಳಬೇಕಿಲ್ಲ. ಇದನ್ನು ತಿರುವುಮುರುವು ಮಾಡುವ ಮಕ್ಕಳೇ ಹೆಚ್ಚು ಎಂದು ತೋರುತ್ತದೆ.

ಕೆಲವರಿಗೆ ಕೆಲವು ದೃಶ್ಯ ಆಗಿಬರುವುದಿಲ್ಲ. ಮೇಜಿನ ಆಟದವರು ಇದಕ್ಕೆ ಉಪಾಯ ಕಂಡುಕೊಂಡು ಬಹಳ ಕಾಲವಾಯಿತು. ರಾನ್ ಎಡ್ವರ್ಡ್ಸ್ ಎಂಬ ಆಟ ರಚನಕಾರ ‘ಗೆರೆ’ ಮತ್ತು ‘ತೆರೆ’ ಎಂದು ಎರಡು ವಿಂಗಡಿಸಿದ: ಗೆರೆಯ ಆಚೆಗಿನದು ಕಥೆಗೆ ಬರಲೇಕೂಡದು, ತೆರೆಯ ಹಿಂದಿನದು ನಡೆಯಬಹುದು ಆದರೆ ವರ್ಣಿಸಬಾರದು. ಜಾನ್ ಸ್ಟಾವ್ರೊಪೊಲಸ್ ರೂಪಿಸಿದ ಎಕ್ಸ್-ಕಾರ್ಡ್ ಇನ್ನೂ ಸರಳ. ಮೇಜಿನ ಮೇಲಿನ ಆ ಕಾರ್ಡನ್ನು ಮುಟ್ಟಿದರೆ ಆ ಸಂಗತಿ ಅಲ್ಲಿಗೆ ಬಿಟ್ಟುಹೋಗುತ್ತದೆ, ಯಾಕೆಂದು ಯಾರೂ ಕೇಳುವಂತಿಲ್ಲ. ಬರಹದ ಆಟದಲ್ಲಿ ಕಾರ್ಡಿನ ಬದಲು ಒಂದಕ್ಷರ ಟೈಪ್ ಮಾಡಿದರಾಯಿತು. ‘ಯಾಕೆ’ ಎಂದು ಕೇಳದಿರುವುದೇ ಕಷ್ಟದ ಭಾಗ, ಕುತೂಹಲಿಗಳಾದ ನಮಗೆ.

ಸಣ್ಣಪುಟ್ಟ ಸಭ್ಯತೆಗಳೂ ಇವೆ. ಎದುರಿನವರು ಎರಡು ಪ್ಯಾರಾ ಬರೆದಾಗ ‘ಅವನು ತಲೆಯಾಡಿಸಿದ’ ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಕಥೆ ಎಳೆಯುವ ಹೊರೆಯೆಲ್ಲ ಅವರ ಮೇಲೆಯೇ. ಎಲ್ಲ ಬಲ್ಲ, ಎಲ್ಲರೂ ಮರುಳಾಗುವ ಪಾತ್ರ ಕಟ್ಟಿಕೊಂಡು ಬರುವವರನ್ನು ‘ಮೇರಿ ಸೂ’ ಎಂದು ಗೇಲಿ ಮಾಡುತ್ತಾರೆ. 1973ರಲ್ಲಿ ಪೌಲಾ ಸ್ಮಿತ್ ‘ಸ್ಟಾರ್ ಟ್ರೆಕ್’ ಅಭಿಮಾನಿ ಕಥೆಗಳನ್ನು ಅಣಕಿಸಿ ಸೃಷ್ಟಿಸಿದ ಹದಿಹರೆಯದ ಲೆಫ್ಟಿನೆಂಟಳ ಹೆಸರದು. ಗೇಲಿ ಅತಿಯಾಗಿ, ಹೊಸದಾಗಿ ಬಂದ ಹುಡುಗಿಯರನ್ನು ಓಡಿಸುವ ಕೋಲಾಗಿಯೂ ಬಳಕೆಯಾಗಿದೆ ಎಂಬುದನ್ನು ಸೇರಿಸಿ ಹೇಳಬೇಕು.

2019ರಲ್ಲಿ ‘ಎಐ ಡಂಜನ್’ ಬಂದಾಗಿನಿಂದ ಎದುರಿಗೆ ಮನುಷ್ಯರೇ ಬೇಕಿಲ್ಲ. ಯಂತ್ರ ರಾತ್ರಿ ಎರಡಕ್ಕೂ ಉತ್ತರಿಸುತ್ತದೆ, ಮುನಿಸಿಕೊಳ್ಳುವುದಿಲ್ಲ. ನೀವು ಅದರ ಪಾತ್ರವನ್ನು ಕಾಲಿಗೆ ಬೀಳಿಸಿದರೆ ಅದು ಸರಿ ಎಂದು ಬಿದ್ದ ಜಾಗದಿಂದಲೇ ಕಥೆ ಮುಂದುವರಿಸುತ್ತದೆ. ಅದರೊಂದಿಗೇ ಪಳಗಿ ಮನುಷ್ಯರ ಗುಂಪಿಗೆ ಬರುವವರಿಗೆ ‘ನನ್ನ ಮುದುಕಿಯನ್ನು ನೀನೇಕೆ ನಡುಗಿಸಿದೆ’ ಎಂಬ ಪ್ರಶ್ನೆಯೇ ವಿಚಿತ್ರವಾಗಿ ಕೇಳಬಹುದು.

ಇನ್ನು ಬಿಟ್ಟುಹೋಗುವ ವಿಷಯ. ಪರೀಕ್ಷೆ, ಮದುವೆ, ಕೆಲಸ ಯಾರನ್ನೂ ಬಿಡದು, ಆಟ ಬಿಡುವುದು ತಪ್ಪಲ್ಲ. ಯುದ್ಧದ ನಡುವೆ ಕತ್ತಿ ಎತ್ತಿ ನಿಂತ ಪಾತ್ರವನ್ನು ಹಾಗೇ ಬಿಟ್ಟು ಮಾಯವಾದರೆ ಉಳಿದ ನಾಲ್ವರು ಅದನ್ನು ಕದಲಿಸುವಂತೆಯೂ ಇಲ್ಲ, ದಾಟಿ ಹೋಗುವಂತೆಯೂ ಇಲ್ಲ. ಇನ್ನೊಬ್ಬರ ಪಾತ್ರ ಮುಟ್ಟಬಾರದೆಂಬ ನಿಯಮವೇ ಅವರ ಕೈ ಕಟ್ಟುತ್ತದೆ. ‘ಎರಡು ತಿಂಗಳು ಬರಲಾರೆ’ ಎಂಬ ಒಂದು ಸಾಲು ಹಾಕಿ, ತಮ್ಮ ಪಾತ್ರವನ್ನು ಏನು ಮಾಡಬಹುದೆಂದು ತಿಳಿಸಿ ಹೋಗುವವರನ್ನು ಗುಂಪುಗಳು ವರ್ಷಗಟ್ಟಲೆ ನೆನೆಯುತ್ತವೆ: ದೂರದ ಊರಿಗೆ ಕಳಿಸಿ, ಬೇಕಾದರೆ ಸೆರೆಗೆ ಹಾಕಿ, ಕೊಲ್ಲುವುದಾದರೆ ಮಾತ್ರ ನನ್ನನ್ನೊಮ್ಮೆ ಕೇಳಿ, ಸಾಯುವ ಸಾಲು ನಾನೇ ಬರೆಯಬೇಕು.